ಕಿವಿಯಣ್ಣನ ಕೆಲಸ

ಆ ವರ್ಕ್‌ಶಾಪಿನಲ್ಲಿ ಒಂದು ಕಟ್ಟುಪಾಡಿತ್ತು. ಸರ್ಕ್ಯೂಟ್ ಬೋರ್ಡಿಗೆ ಬೇಕಾದ ಭಾಗವನ್ನು ಯಾರು ಆರಿಸುತ್ತಾರೋ, ಅದು ಮೊದಲ ಸಲ ಓಡುವಾಗ ಅವರೇ ಸ್ವಿಚ್ ಒತ್ತಬೇಕು. ಯಜಮಾನರ ತಂದೆಯ ಕಾಲದಿಂದ ನಡೆದುಬಂದದ್ದು. ಕುರ್ಚಿಯಲ್ಲಿ ಕುಳಿತು ಆರಿಸುವವರ ಎದೆಯೂ ಒಂದಿಷ್ಟು ಢವಗುಟ್ಟಲಿ, ಆಗ ಕೈಗೆ ಬುದ್ಧಿ ಬರುತ್ತದೆ ಅನ್ನುವುದು ಆ ಹಿರಿಯರ ವಿಚಾರ. ಅಲ್ಲಿ ತಯಾರಾಗುತ್ತಿದ್ದದ್ದು ದೊಡ್ಡ ಮೋಟಾರುಗಳನ್ನು ನಡೆಸುವ ಪೆಟ್ಟಿಗೆಗಳು. ಪೆಟ್ಟಿಗೆಯನ್ನು ಕಬ್ಬಿಣದ ಗೂಡಿನೊಳಗಿಟ್ಟು, ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತಾ, ಐವತ್ತೈವತ್ತಕ್ಕೆ ಒಮ್ಮೆ ಗಟ್ಟಿಯಾಗಿ ಕೂಗಿ ಹೇಳಬೇಕು. ಆ ಕೂಗು ಕೇಳುತ್ತಿರುವಷ್ಟು ಹೊತ್ತು ಶೆಡ್ಡಿನಲ್ಲಿ ಬೇರೆಲ್ಲ ಕೆಲಸ ನಿಂತಿರುತ್ತಿತ್ತು.

ಭಾಗಗಳನ್ನು ಆರಿಸುತ್ತಿದ್ದವಳು ಒಬ್ಬ ಇಂಜಿನಿಯರ್. ಸದಾ ಅವಳ ಕೈಯಲ್ಲಿ ಭಾಗಗಳ ಗುಣ, ಮಿತಿ ಬರೆದಿರುವ ಡೇಟಾಶೀಟಿನ ಹಾಳೆಗಳು, ಊಟದ ಡಬ್ಬಿಯ ಅಡಿಗೂ ಒಂದು ಹಾಳೆ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಹಾಳೆಯಮ್ಮ. ಅವಳ ಗಂಡ ಅಲ್ಲೇ ಟೆಸ್ಟಿಂಗ್ ನೋಡಿಕೊಳ್ಳುತ್ತಿದ್ದ. ಪೆಟ್ಟಿಗೆ ಓಡುವಾಗ ತಲೆ ವಾಲಿಸಿ ನಿಂತು ಕೇಳಿ, “ಇದಕ್ಕೆ ಮೈ ಸರಿಯಿಲ್ಲ” ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ನಿಜಕ್ಕೂ ಸರಿಯಿರುತ್ತಿರಲಿಲ್ಲ. ಅವನು ಕಿವಿಯಣ್ಣ. ಈಗ ಅವನಿಗೆ ಕಿವಿ ಮಾತ್ರ ಉಳಿದಿದೆ, ಕಣ್ಣಿಲ್ಲ.

ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಆಗಬೇಕಾದ್ದೇನಿಲ್ಲ. ಕಣ್ಣು ಹೋದಮೇಲೆ ಅವನ ಹೆಸರು ಆ ಶೆಡ್ಡಿನಲ್ಲಿ ಎಚ್ಚರಿಕೆಯ ಮಾತಾಗಿತ್ತು. ಹೊಸಬರು ಯಾರಾದರೂ ಕೇಳದೆ ಒಂದು ಸ್ಕ್ರೂ ಮುಟ್ಟಿದರೂ ಸಾಕು, “ಏಯ್, ಕಿವಿಯಣ್ಣನ ಕೆಲಸ ಮಾಡ್ಬೇಡ” ಅನ್ನುತ್ತಿದ್ದರು. ಮೊದಲ ಸಲ ಹಾಗೆ ಅಂದವನು ಟ್ರಾನ್ಸ್‌ಫಾರ್ಮರ್ ಸುತ್ತುವ ಸುರುಳಿ ಮಾವ. ಅಂದಮೇಲೆ ಹಾಳೆಯಮ್ಮ ಅಲ್ಲೇ ನಿಂತಿರುವುದನ್ನು ನೋಡಿ ನಾಲಿಗೆ ಕಚ್ಚಿಕೊಂಡ. ಅವಳು, “ಪರವಾಗಿಲ್ಲ ಹೇಳಿ ಮಾವ, ನಿಜಾನೇ ತಾನೆ” ಅಂದಳು. ಅಲ್ಲಿಂದ ಯಾರೂ ನಾಲಿಗೆ ಕಚ್ಚಿಕೊಳ್ಳಲಿಲ್ಲ.

ನಡೆದದ್ದು ಅರ್ಥವಾಗಲು ಒಂದಿಷ್ಟು ಕರೆಂಟಿನ ಪಾಠ ಬೇಕು, ಹೆದರಬೇಡಿ. ಪವರ್ ಟ್ರಾನ್ಸಿಸ್ಟರ್ ಅಂದರೆ ಕರೆಂಟಿನ ದೊಡ್ಡ ನಲ್ಲಿ, ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುವಂಥದ್ದು. ಅದರ ಹಿಡಿಕೆಗೆ ಗೇಟ್ ಅನ್ನುತ್ತಾರೆ. ಹಿಡಿಕೆ ತಿರುಗಿಸುವ ಕೈಯೇ ಗೇಟ್ ಡ್ರೈವರ್ ಚಿಪ್, ಉಗುರಿನಷ್ಟಗಲದ ಕರಿ ತುಂಡು. ನಲ್ಲಿ ಅರ್ಧ ತೆರೆದಿರುವ ಹೊತ್ತಿನಲ್ಲೇ ಅದು ಬಿಸಿಯಾಗಿ ಸುಡುವುದು. ಆದ್ದರಿಂದ ತಿರುಗಿಸುವ ಕೈ ಗಟ್ಟಿಯಿರಬೇಕು, ಒಂದೇ ಏಟಿಗೆ ಹೆಚ್ಚು ಕರೆಂಟು ಕೊಡುವಂತಿರಬೇಕು. ಆ ಕೈ ತೀರಾ ಒರಟಾಗದಿರಲಿ ಅಂತ ನಡುವೆ ಒಂದು ರೆಸಿಸ್ಟರ್ ಹಾಕಿ ತಡೆಯುತ್ತಾರೆ. ಅದನ್ನು ಅಳೆಯುವುದು ಓಮ್ ಲೆಕ್ಕದಲ್ಲಿ. ಓಮ್ ಕಡಿಮೆಯಾದಷ್ಟೂ ತಡೆ ಕಡಿಮೆ, ಕೈ ಒರಟು.

ಹಿಂದಿನ ವರ್ಷ ದೊಡ್ಡ ಗಿರಾಕಿಯೊಬ್ಬರಿಗಾಗಿ ಹೊಸ, ದಪ್ಪ ಟ್ರಾನ್ಸಿಸ್ಟರುಗಳು ಬಂದವು. ಹಳೆಯ ಎರಡು ಆಂಪಿಯರಿನ ಚಿಪ್ಪಿಗೆ ಅವುಗಳನ್ನು ತಿರುಗಿಸುವ ತ್ರಾಣವಿರಲಿಲ್ಲ. ಬೇರೆ ಚಿಪ್ ಆರಿಸುವ ಕೆಲಸ ಹಾಳೆಯಮ್ಮನ ತಲೆಗೆ ಬಂತು. ಡೇಟಾಶೀಟಿನ ಮೊದಲ ಪುಟ ಬಾಡಿಗೆ ಮನೆಯ ಜಾಹೀರಾತಿದ್ದ ಹಾಗೆ. ಗಾಳಿ ಬೆಳಕಿನ ವರ್ಣನೆಯೆಲ್ಲ ಮೇಲೆ, ಗೋಡೆ ಸೋರುವ ಸಮಾಚಾರ ಎಲ್ಲೋ ಅಡಿಯಲ್ಲಿ ಸಣ್ಣಕ್ಷರದಲ್ಲಿ. ಅವಳು ಸಣ್ಣಕ್ಷರವನ್ನೇ ಮೊದಲು ಓದುವವಳು. ವಾರಗಟ್ಟಲೆ ಓದಿ, ಅಳೆದು ಸುರಿದು, ಹದಿನಾಲ್ಕು ಆಂಪಿಯರಿನ ಒಂದು ಚಿಪ್ ಆರಿಸಿದಳು. ರೆಸಿಸ್ಟರ್ ಮಾತ್ರ ಹಿಂದಿನದೇ ಇರಲಿ ಅಂದಳು, ನಾಲ್ಕು ಓಮಿನದು. ವರ್ಷಾನುಗಟ್ಟಲೆ ಒಂದು ತಕರಾರಿಲ್ಲದೆ ದುಡಿದ ರೆಸಿಸ್ಟರ್ ಅದು, ಅದರ ಗೊಡವೆಗೆ ಯಾರು ಹೋಗುತ್ತಾರೆ?

ಪರೀಕ್ಷೆಯ ದಿನ ಅವಳು ಸ್ವಿಚ್ಚಿನ ಹತ್ತಿರ ನಿಂತಾಗಿತ್ತು. ಅಷ್ಟರಲ್ಲಿ ಪಕ್ಕದ ಮನೆಯವರ ಫೋನು: ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ, ಏಳಲಾಗುತ್ತಿಲ್ಲ. ಗಿರಾಕಿಯ ಕಡೆಯವರು ಬರುವ ಹೊತ್ತು. ಕಿವಿಯಣ್ಣ ಅವಳ ಕೈಯಿಂದ ಕೈಗವಸು ತೆಗೆದುಕೊಂಡ.

“ನೀನು ಹೋಗು, ಅಮ್ಮನ್ನ ನೋಡ್ಕೋ. ಇದನ್ನ ನಾನು ಒತ್ತುತೀನಿ.”

“ಒತ್ತಬೇಕಾದವಳು ನಾನಲ್ವಾ?”

“ಗಂಡ ಹೆಂಡ್ತಿ ಒಂದೇ ಲೆಕ್ಕ ಕಣೇ. ನಡಿ ನಡಿ.”

ಗೂಡಿಗೊಂದು ದಪ್ಪ ಗಾಜಿನ ಕಿಟಕಿಯಿತ್ತು. ಎಷ್ಟೋ ವರ್ಷಗಳ ಹೊಗೆ ಕುಡಿದು ಅದು ಮಬ್ಬಾಗಿತ್ತು. ಒಳಗಿನ ಮೀಟರು ಕಾಣಲಿ ಅಂತ ಬಾಗಿಲನ್ನು ಒಂದು ಗೇಣು ತೆರೆದಿಡುವುದು ಅಲ್ಲಿ ಎಲ್ಲರಿಗೂ ರೂಢಿ. ಹೊಸ ಗಾಜು ಹಾಕಿಸಬೇಕು ಅಂತ ಎಲ್ಲರೂ ಹೇಳುತ್ತಿದ್ದರು, ಯಾರೂ ಹಾಕಿಸಲಿಲ್ಲ. ಆಸ್ಪತ್ರೆಯಲ್ಲಿ ಅತ್ತೆಯ ಸೊಂಟದ ಎಕ್ಸ್‌ರೇ ತೆಗೆಯುತ್ತಿದ್ದಾಗ ಅವಳಿಗೆ ಎರಡನೇ ಫೋನು ಬಂತು. ಟ್ರಾನ್ಸಿಸ್ಟರ್ ಸಿಡಿದು ಅದರ ಮುಚ್ಚಳ ಚೂರುಚೂರಾಗಿ ಬೆಂಕಿಯ ಸಮೇತ ಆ ಒಂದು ಗೇಣಿನಿಂದ ಹೊರಗೆ ಬಂದಿತ್ತು. ಅದೇ ಆಸ್ಪತ್ರೆಗೇ ಅವನನ್ನು ಕರೆತಂದರು. ಮೇಲಿನ ಮಹಡಿಯಲ್ಲಿ ತಾಯಿ, ಕೆಳಗಿನದರಲ್ಲಿ ಮಗ.

ಮೂರನೆಯ ದಿನ ಯಜಮಾನರು ಮಂಚದ ಪಕ್ಕ ಬಂದು ಕೂತಾಗ, ಮುಖದ ತುಂಬ ಬ್ಯಾಂಡೇಜು ಸುತ್ತಿಕೊಂಡಿದ್ದ ಕಿವಿಯಣ್ಣ ತಾನಾಗಿಯೇ ಹೇಳಿದ: “ತಪ್ಪು ನಂದೇ ಸಾರ್. ಅವಳು ಹಾಕಿದ್ದ ನಾಲ್ಕು ಓಮಿನ ರೆಸಿಸ್ಟರ್ ಕಿತ್ತು ಒಂದು ಓಮಿಂದು ಹಾಕ್ದೆ. ಇನ್ನೂ ಚುರುಕಾಗಿ ಓಡ್ಲಿ, ಗಿರಾಕಿ ಖುಷಿಯಾಗ್ಲಿ ಅಂತ. ಅವಳನ್ನ ಕೇಳ್ಳಿಲ್ಲ.”

ಬೋರ್ಡು ಸುಟ್ಟು ಕರಕಲಾಗಿತ್ತು, ಸಣ್ಣ ಭಾಗಗಳೆಲ್ಲ ಹಾರಿಹೋಗಿದ್ದವು. ಹೌದೋ ಅಲ್ಲವೋ ಹೇಳುವ ಸಾಕ್ಷಿ ಉಳಿದಿರಲಿಲ್ಲ. ಯಜಮಾನರು ಕೆಟ್ಟವರಲ್ಲ, ಆದರೆ ಆ ಮಾತು ಕೇಳಿ ಅವರ ಭುಜ ಹಗುರಾದದ್ದು ಹಾಳೆಯಮ್ಮನಿಗೆ ಕಾಣಿಸಿತು. ಕೆಲಸಗಾರನ ಸ್ವಂತ ಕೈತಪ್ಪು ಅಂತಾದರೆ ವರ್ಕ್‌ಶಾಪ್ ಕೊಡಬೇಕಾದ್ದು ಏನೂ ಇರುವುದಿಲ್ಲ. ಅವಳ ಭುಜವೂ ಹಗುರಾಯಿತು. ಅದನ್ನು ನೋಡುವವರು ಯಾರೂ ಇರಲಿಲ್ಲ, ನೋಡಬೇಕಾದವನ ಕಣ್ಣಿಗೆ ಬಟ್ಟೆ ಕಟ್ಟಿತ್ತು.

ಆಮೇಲಿನ ವರ್ಷವನ್ನು ಅವಳು ಕೋಪದಲ್ಲೇ ಕಳೆದಳು. ಆ ಕೋಪ ಅವಳಿಗೆ ಅನುಕೂಲವಾಗಿತ್ತು ಅಂತ ಹೇಳಲು ನನಗೇನೂ ಮುಲಾಜಿಲ್ಲ. ಅವನಿಗೆ ಮೀಸುತ್ತಿದ್ದಳು, ಬಟ್ಟೆ ತೊಡಿಸುತ್ತಿದ್ದಳು, ತಟ್ಟೆಯಲ್ಲಿ ಯಾವುದು ಎಲ್ಲಿದೆ ಅಂತ ಬೆರಳು ಹಿಡಿದು ತೋರಿಸುತ್ತಿದ್ದಳು. ಮಾತು ಮಾತ್ರ ಅಳೆದು ಹಾಕುತ್ತಿದ್ದಳು. ಊರುಗೋಲು ಹಿಡಿದ ಅತ್ತೆ ಒಂದು ದಿನ ತಡೆಯಲಾರದೆ, “ನಿಮ್ಮ ಆ ಹಾಳು ಡಬ್ಬಕ್ಕೆ ನನ್ನ ಮಗನ ಕಣ್ಣೇ ಬೇಕಾಗಿತ್ತೇನೇ?” ಅಂದಾಗ, ಇವಳು ಅವನಿಗೂ ಕೇಳಿಸುವ ಹಾಗೆ, “ಡಬ್ಬ ಏನೂ ಕೇಳಿರಲಿಲ್ಲ ಅತ್ತೆ. ಅವರ ಕಣ್ಣನ್ನ ಅವರೇ ಕಳ್ಕೊಂಡ್ರು” ಅಂದಳು. ಒಳಕೋಣೆಯಲ್ಲಿ ರೇಡಿಯೋದ ದನಿ ಸ್ವಲ್ಪ ಜಾಸ್ತಿಯಾಯಿತು.

ವರ್ಷ ತುಂಬುವ ಹೊತ್ತಿಗೆ ಅದೇ ಗಿರಾಕಿ ಮತ್ತೆ ಬಂದರು. ಮತ್ತದೇ ದಪ್ಪ ಟ್ರಾನ್ಸಿಸ್ಟರು, ಮತ್ತೆ ಚಿಪ್ ಆರಿಸುವ ಕೆಲಸ. ಮನೆಯಲ್ಲಿ ಹಾಳೆಯ ಸದ್ದು ಕೇಳಿದ ಕಿವಿಯಣ್ಣ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

“ಯಾವ ಚಿಪ್ ನೋಡ್ತಿದ್ದೀಯೇ?”

“ಯಾಕೆ, ಇದಕ್ಕೂ ಕೈ ಹಾಕ್ಬೇಕಾ?”

ಅವನು ಬಾಗಿಲ ಚೌಕಟ್ಟು ತಡವಿದ. ಆಮೇಲೆ, “ಹಳೇದೇ ಬೇಡ ಕಣೇ, ಸ್ವಲ್ಪ ಚಿಕ್ಕದು ನೋಡು” ಅಂದ. ಅವಳು ಹಾಳೆ ಮಗುಚಿದಳು. ಹಳೆಯದನ್ನೇ ಹಾಕುವುದೆಂದು ಆಗಲೇ ತೀರ್ಮಾನಿಸಿದ್ದಳು. ಅದೇ ಹದಿನಾಲ್ಕು ಆಂಪಿಯರು, ಅದೇ ನಾಲ್ಕು ಓಮು. ತಾನು ಆರಿಸಿದ್ದರಲ್ಲಿ ತಪ್ಪಿರಲಿಲ್ಲ ಅಂತ ಇಡೀ ಶೆಡ್ಡಿಗೆ ತೋರಿಸುವುದು ಅವಳಿಗೆ ಬೇಕಾಗಿತ್ತು. ಈ ಸಲ ಸ್ವಿಚ್ಚನ್ನೂ ತಾನೇ ಒತ್ತುವವಳಿದ್ದಳು.

ಅವಘಡದ ನಂತರ ಯಜಮಾನರು ಎರಡು ಕೆಲಸ ಮಾಡಿದ್ದರು. ಗೂಡಿಗೆ ಹೊಸ ಗಾಜು ಹಾಕಿಸಿದ್ದರು, ಪೂರ್ತಿ ಓಡಿಸುವ ಮುಂಚೆ ಜೋಡಿ ಪಲ್ಸಿನ ಪರೀಕ್ಷೆ ಆಗಲೇಬೇಕು ಅಂದಿದ್ದರು. ಟ್ರಾನ್ಸಿಸ್ಟರನ್ನು ಕಣ್ಣು ಮಿಟುಕಿಸುವುದರೊಳಗೆ ಎರಡು ಸಲ ತೆರೆದು ಮುಚ್ಚಿ ನಿಲ್ಲಿಸುವುದು. ಸುಡಲು ಸಮಯ ಸಿಗುವುದಿಲ್ಲ, ಆದರೆ ನಡೆದದ್ದೆಲ್ಲ ವೋಲ್ಟೇಜು ತೋರಿಸುವ ಸ್ಕೋಪಿನ ತೆರೆಯ ಮೇಲೆ ಗೆರೆಯಾಗಿ ಕಾಣುತ್ತದೆ. ತುಂಬಿ ಹರಿಯುವ ನಲ್ಲಿಯನ್ನು ಗಕ್ಕನೆ ಮುಚ್ಚಿದರೆ ಪೈಪು ಧಡ್ ಅನ್ನುತ್ತದಲ್ಲ, ಹಾಗೆಯೇ ಕರೆಂಟನ್ನು ಗಕ್ಕನೆ ನಿಲ್ಲಿಸಿದರೆ ವೋಲ್ಟೇಜು ಒಮ್ಮೆ ಮೇಲಕ್ಕೆ ನೆಗೆಯುತ್ತದೆ. ಆ ನೆಗೆತ ಸಾವಿರದ ಇನ್ನೂರು ವೋಲ್ಟು ದಾಟಿದರೆ ಆ ಟ್ರಾನ್ಸಿಸ್ಟರ್ ತಾಳುವುದಿಲ್ಲ.

ಸರಿಯಾದ ಕ್ರಮದಲ್ಲಿ ಅವಳು ಮೊದಲು ನಾಲ್ಕು ಓಮು ಹಾಕಿ ನೋಡಬೇಕಿತ್ತು. ಹಾಕಿದ್ದು ಒಂದು ಓಮು. ಗಂಡ ಮಾಡಿದ ಘನಕಾರ್ಯ ಎಂಥದ್ದು ಅಂತ ಕಣ್ಣಾರೆ ನೋಡುವ ಆಸೆ. ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಕ್ಕೆ ಒಂದು ಆಕಾರ ಬೇಕಾಗಿತ್ತು.

ಮುನ್ನೂರು ವೋಲ್ಟಿಗೇ ಗೆರೆ ಮುಳ್ಳಿನ ಹಾಗೆ ಮೇಲೆದ್ದಿತು. ನಾನೂರಕ್ಕೆ ಇನ್ನೂ ಎತ್ತರ. ಐನೂರು ಮುಟ್ಟುವ ಮೊದಲೇ ಅದರ ತುದಿ ಸಾವಿರದ ಇನ್ನೂರಕ್ಕೆ ತಾಗಿತು. ಅವಳು ನಿಲ್ಲಿಸಿದಳು. “ನೋಡಿದ್ರಾ ನಿಮ್ಮ ಚುರುಕುತನ” ಅಂತ ಮನೆಯಲ್ಲಿರುವವನಿಗೆ ಇಲ್ಲಿಂದಲೇ ಹೇಳಿಕೊಂಡಳು. ಏನೋ ಒಂಥರಾ ಸಮಾಧಾನವಾಯಿತು. ಒಂದು ಲೋಟ ನೀರು ಕುಡಿದು, ರೆಸಿಸ್ಟರ್ ಬದಲಿಸಲು ಕಾಯಿಸಿದ ಸೋಲ್ಡರಿಂಗ್ ಕಡ್ಡಿ ಹಿಡಿದವಳು, ಹಾಗೇ ನಿಂತಳು. ಐನೂರರ ಹತ್ತಿರವೇ ಒಡೆಯಬೇಕಾದ್ದು, ಅವತ್ತು ಎಷ್ಟಕ್ಕೆ ಒಡೆಯಿತು?

ಅವಳಿಗೆ ಗೊತ್ತಿರಲಿಲ್ಲ. ಅವತ್ತು ಅವಳು ಅಲ್ಲಿರಲಿಲ್ಲ, ಆಮೇಲೂ ಕೇಳಿರಲಿಲ್ಲ. ಪ್ರತಿಯೊಂದು ಚಿಪ್ಪಿನ ಸಣ್ಣಕ್ಷರವನ್ನೂ ಓದುವವಳು, ಗಂಡನ ಕಣ್ಣು ಹೋದ ಅಂಕಿ ಯಾವುದು ಅಂತ ಒಂದು ಮಾತು ಕೇಳಿರಲಿಲ್ಲ. ಉತ್ತರ ಆಗಲೇ ಸಿಕ್ಕಿಬಿಟ್ಟಿತ್ತಲ್ಲ.

ಸುರುಳಿ ಮಾವ ತನ್ನ ಮೂಲೆಯಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದ.

“ಮಾವ, ಅವತ್ತು ಅವರು ಕೊನೇದಾಗಿ ಕೂಗಿದ್ದು ಎಷ್ಟು?”

“ಯಾವತ್ತು?”

“ಅವತ್ತು.”

ಮುದುಕನ ಕೈ ನಿಂತಿತು. “ಈಗ್ಯಾಕಮ್ಮ ಅದು?”

“ಹೇಳಿ ಮಾವ.”

“ಏಳುನೂರು ಅಂದ. ಏಳುನೂರೈವತ್ತು ಅಂದ. ಅಂದು ಬಾಯಿ ಮುಚ್ಚೋದ್ರೊಳಗೆ... ಇನ್ನೂ ಕಿವೀಲೇ ಇದೆ ನನಗೆ. ಎಲ್ರೂ ಕೇಳಿದ್ದೀವಿ, ಬೇಕಾದ್ರೆ ಯಾರನ್ನಾದ್ರೂ ಕೇಳು.”

ಅವಳು ಯಾರನ್ನೂ ಕೇಳಲಿಲ್ಲ. ಮೇಜಿಗೆ ಬಂದು ನಾಲ್ಕು ಓಮಿನ ರೆಸಿಸ್ಟರ್ ಕೂರಿಸಿದಳು. ಎರಡು ಸಲ ಸೋಲ್ಡರ್ ಕೆಟ್ಟಿತು. ಮತ್ತೆ ಕೆಳಗಿನಿಂದ ಏರಿಸುತ್ತಾ ಬಂದಳು. ಮುಳ್ಳು ಈ ಸಲವೂ ಎದ್ದಿತು, ನಿಧಾನವಾಗಿ ಎದ್ದಿತು. ಐನೂರಕ್ಕೆ ಯಾರಿಗಾದರೂ ಗಾಬರಿಯಾಗುವಷ್ಟಿತ್ತು. ಏಳುನೂರೈವತ್ತರ ಹತ್ತಿರ ಅದರ ತುದಿ ಸಾವಿರದ ಇನ್ನೂರಕ್ಕೆ ಹೋಗಿ ತಾಗಿತು.

ಯಾರೂ ರೆಸಿಸ್ಟರ್ ಬದಲಿಸಿರಲಿಲ್ಲ. ಬದಲಿಸಿದ್ದಿದ್ದರೆ ಅವನು ಏಳುನೂರು ಅಂತ ಕೂಗುವ ತನಕ ಅದು ಬದುಕಿರುತ್ತಲೇ ಇರಲಿಲ್ಲ. ಸಿಡಿದದ್ದು ಅವಳು ಆರಿಸಿದ ಚಿಪ್ಪು, ಅವಳು ಹಾಗೇ ಬಿಟ್ಟ ನಾಲ್ಕು ಓಮು. ಹಳೆಯ ಎರಡು ಆಂಪಿಯರಿನ ಚಿಪ್ಪಿನ ಕೈಯೇ ನಿಶ್ಶಕ್ತವಾಗಿತ್ತು. ಅದರ ಆ ನಿಶ್ಶಕ್ತಿಯೇ ಇಷ್ಟು ವರ್ಷ ತಡೆಯಾಗಿ ನಿಂತಿತ್ತು. ಅವಳು ಆ ಪುಣ್ಯವನ್ನೆಲ್ಲ ರೆಸಿಸ್ಟರಿನ ಹೆಸರಿಗೆ ಬರೆದಿದ್ದಳು. ಬಲವಾದ ಕೈ ಬಂದು ಕೂತಾಗ ಸಾಕಾಗುವಷ್ಟು ತಡೆ ಉಳಿಯಲಿಲ್ಲ. ಇದು ಯಾವ ಡೇಟಾಶೀಟಿನ ಸಣ್ಣಕ್ಷರದಲ್ಲೂ ಇರುವುದಿಲ್ಲ. ಹಳೆಯ ಬೋರ್ಡನ್ನು ಅಂಗೈಯಷ್ಟು ಚೆನ್ನಾಗಿ ಬಲ್ಲವರೇ ಮಾಡುವ ತಪ್ಪು.

ಅವಳು ಕುರ್ಚಿಯಲ್ಲಿ ಕೂತು ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟುಕೊಂಡಳು. ಯಾರೋ ಹಿಂದಿನಿಂದ, “ಹಾಳೆಯಮ್ಮ, ಟೀ” ಅಂದರು. ಬೇಡ ಅಂದಳು.

ಸುಮ್ಮನಿರಬಹುದಿತ್ತು. ಇದು ಅವಳಿಗೂ ಹೊಳೆಯದೆ ಇರಲಿಲ್ಲ. ಸರಿಯಾದ ಚಿಪ್ ಹಾಕಿದರೆ ಪೆಟ್ಟಿಗೆ ಓಡುತ್ತದೆ, ಗಿರಾಕಿ ಒಯ್ಯುತ್ತಾರೆ, ಹಳೆಯದನ್ನು ಯಾರೂ ಕೆದಕುವುದಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಹೇಳದಿದ್ದರೆ ಅವನು ಸಾಯುವ ತನಕ, ಸತ್ತಮೇಲೂ, ಈ ಶೆಡ್ಡಿನಲ್ಲಿ ಕೇಳದೆ ಕೈ ಹಾಕಿದ ದಡ್ಡನಾಗಿಯೇ ಇರುತ್ತಾನೆ. ಕಂಡವರ ಸ್ಕ್ರೂ ಮುಟ್ಟುವ ಮೊದಲು ಮೂರು ಸಲ ಕೇಳುತ್ತಿದ್ದ ಮನುಷ್ಯ ಅವನು. ಮೊದಲ ಬಾರಿ ಆ ಮಾತು ಹುಟ್ಟಿದಾಗ ನಿಜಾನೇ ತಾನೆ ಅಂದವಳು ಅವಳೇ.

ಆ ಸಂಜೆ ಮನೆಯಲ್ಲಿ ಅವನಿಗೆ ಏನೂ ಹೇಳಲಿಲ್ಲ. ಊಟ ಬಡಿಸುವಾಗ ಅವನ ಬೆರಳುಗಳನ್ನು ಹಿಡಿದು ತಟ್ಟೆ ತೋರಿಸಿದಳು, ತೋರಿಸಿದ ಮೇಲೂ ಬಿಡಲಿಲ್ಲ. “ಏನಾಯ್ತೇ?” ಅಂದ. “ಏನಿಲ್ಲ, ಉಣ್ಣಿ” ಅಂದಳು.

ಮುಂದಿನ ವಾರವೆಲ್ಲ ಹೊಸದಾಗಿ ಆರಿಸುವುದರಲ್ಲಿ ಹೋಯಿತು. ಈ ಸಲ ಆರು ಆಂಪಿಯರಿನ ಒಂದು ಚಿಪ್ಪು. ಅದರಲ್ಲಿ ತೆರೆಯಲು ಒಂದು ಲೋಹದ ಕಾಲು, ಮುಚ್ಚಲು ಬೇರೊಂದು ಕಾಲು. ತೆರೆಯುವಾಗ ಚುರುಕಾಗಿ ತೆರೆದು, ಮುಚ್ಚುವಾಗ ದೊಡ್ಡ ರೆಸಿಸ್ಟರಿನ ಮೂಲಕ ಮೆಲ್ಲಗೆ ಮುಚ್ಚುವ ಹಾಗೆ ಮಾಡಿದಳು. ಟ್ರಾನ್ಸಿಸ್ಟರ್ ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ, ಆಗಲಿ, ಅದಕ್ಕೆ ಫ್ಯಾನಿದೆ. ಜೋಡಿ ಪಲ್ಸಿನಲ್ಲಿ ಮುಳ್ಳು ಎಂಟುನೂರರ ಪೂರ್ತಿ ವೋಲ್ಟೇಜಿಗೂ ಸಾವಿರ ಮುಟ್ಟಲಿಲ್ಲ. ಎಂದಿನ ದಿನವಾಗಿದ್ದರೆ ಆ ಗೆರೆಯನ್ನು ನಾಲ್ಕು ಜನಕ್ಕೆ ಕರೆದು ತೋರಿಸುತ್ತಿದ್ದಳು.

ಪೂರ್ತಿ ಓಡಿಸುವ ದಿನ ಬೆಳಗ್ಗೆ ಎಲ್ಲರೂ ಗೂಡಿನ ಸುತ್ತ ಸೇರಿದರು. ಯಜಮಾನರೂ ಬಂದು ನಿಂತರು. ಅವಳು ಬಾಗಿಲು ಭದ್ರಪಡಿಸಿ, ಕೈಗವಸು ಹಾಕಿಕೊಂಡು, ಸ್ವಿಚ್ಚಿನ ಮೇಲೆ ಕೈಯಿಟ್ಟು ತಿರುಗಿದಳು.

“ಒತ್ತೋ ಮುಂಚೆ ಒಂದು ಮಾತಿದೆ. ಹೋದ ವರ್ಷ ಕಿವಿಯಣ್ಣ ರೆಸಿಸ್ಟರ್ ಬದಲಾಯಿಸ್ಲಿಲ್ಲ. ನನ್ನ ಬೋರ್ಡಲ್ಲಿ ಏನನ್ನೂ ಅವರು ಮುಟ್ಟಿಲ್ಲ. ಚಿಪ್ ನಾನು ಆರಿಸಿದ್ದು, ರೆಸಿಸ್ಟರ್ ನಾನು ಬಿಟ್ಟಿದ್ದು. ಒಂದು ಓಮಿದ್ದಿದ್ರೆ ಐನೂರಕ್ಕೇ ಒಡೀತಿತ್ತು, ನಾಲ್ಕಿದ್ದದ್ದಕ್ಕೇ ಏಳುನೂರೈವತ್ತಕ್ಕೆ ಒಡೀತು. ಪರೀಕ್ಷೆ ಮಾಡಿ ನೋಡಿದ್ದೀನಿ. ಅವತ್ತು ಇಲ್ಲಿ ನಿಲ್ಬೇಕಾಗಿದ್ದವಳು ನಾನು.”

ಸುರುಳಿ ಮಾವ, ಯಾರಿಗೂ ಅಲ್ಲದ ಹಾಗೆ, “ಮತ್ತೆ ನಾವು ಒಂದು ವರ್ಷದಿಂದ ಅವನ್ನ ಅಂದಿದ್ದು?” ಅಂದ. ಅವಳು ತಿರುಗಿ ಸ್ವಿಚ್ ಒತ್ತಿ, ಐವತ್ತು, ನೂರು, ನೂರೈವತ್ತು ಅಂತ ಕೂಗುತ್ತಾ ಹೋದಳು. ಏಳುನೂರೈವತ್ತು ಬಂದಾಗ ದನಿ ಒಡೆಯಿತು, ಅಂಕಿ ಅರ್ಧಕ್ಕೇ ನಿಂತಿತು. ಎಂಟುನೂರನ್ನು ನೆಟ್ಟಗೆ ಹೇಳಿದಳು. ಮೋಟಾರು ತಣ್ಣಗೆ ತಿರುಗಿತು. ಅಂಥ ಹೊತ್ತಿನಲ್ಲಿ ಚಪ್ಪಾಳೆ ತಟ್ಟುವುದು ಅಲ್ಲಿನ ರೂಢಿ, ಆವತ್ತು ಒಬ್ಬರೂ ತಟ್ಟಲಿಲ್ಲ.

ಯಜಮಾನರು ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದರು.

“ಇದನ್ನ ಮೊದ್ಲು ನನ್ನ ಹತ್ರ ಹೇಳ್ಬಾರ್ದಿತ್ತೇನಮ್ಮ?”

“ಹೇಳಿದ್ರೆ ಎಲ್ರ ಮುಂದೆ ಹೇಳೋಕೆ ಬಿಡ್ತಿದ್ರಾ ಸಾರ್?”

ಅವರು ಕನ್ನಡಕ ತೆಗೆದು ಒರೆಸಿದರು. “ಬಿಡ್ತಿರಲಿಲ್ಲ” ಅಂದರು ಪ್ರಾಮಾಣಿಕವಾಗಿ. “ಅವನೇ ಒಪ್ಕೊಂಡ, ನಾನು ಕಾರ್ಮಿಕ ಇಲಾಖೆಗೆ ಹಾಗೇ ಬರೆದು ಕಳಿಸ್ದೆ. ಈಗ ಅದು ಸುಳ್ಳು ಅಂದ್ರೆ ಗೂಡಿನ ಗಾಜು, ತೆರೆದ ಬಾಗಿಲು, ಎಲ್ಲಾ ನನ್ನ ಕೊರಳಿಗೆ ಬರುತ್ತೆ. ಬರ್ಲಿ, ಅವನಿಗೆ ಕೊಡಬೇಕಾದ್ದನ್ನ ಕೊಡೋಣ. ಆದ್ರೆ ನಿನ್ನನ್ನ ಹೇಗಮ್ಮ ಇಟ್ಕೊಳ್ಳಿ? ನೀನು ಆರಿಸಿದ್ದು ಅಂದ್ರೆ ನಾಳೆ ಇವರಲ್ಲಿ ಯಾರು ಆ ಗೂಡಿನ ಹತ್ರ ಹೋಗ್ತಾರೆ? ಸ್ವಲ್ಪ ದಿನ ಮನೇಲಿರು.”

ಆ ಸ್ವಲ್ಪ ದಿನ ಮುಗಿಯುವಂಥದ್ದಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಅವಳು ಡಬ್ಬಿ, ಕನ್ನಡಕ, ಸಣ್ಣ ಇಕ್ಕಳ ಚೀಲಕ್ಕೆ ಹಾಕಿಕೊಂಡಳು. ಹೊರಡುವಾಗ ಸುರುಳಿ ಮಾವ ಗೇಟಿನ ತನಕ ಬಂದು, “ಸಂಜೆ ಅವನ್ನ ನೋಡೋಕೆ ಬರ್ತೀನಿ, ಬರಬಹುದಾ?” ಅಂದ. ಬನ್ನಿ ಅಂದಳು. ಬಸ್ಸಿನಲ್ಲಿ ಕೂತಾಗ, ನಿಜ ಹೇಳಬೇಕೆಂದರೆ, ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಿತ್ತು. ತೀರಿಸಬೇಕಾದ್ದನ್ನು ತೀರಿಸಿದೆ ಅನ್ನಿಸಿತು.

ಮನೆಯಲ್ಲಿ ಕಿವಿಯಣ್ಣ ಅಡುಗೆಮನೆಯ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ. ಕೆಲಸ ಕಲಿತಿದ್ದ ಬೆರಳುಗಳು, ಒಂದು ಕಾಳೂ ಹೊರಗೆ ಬೀಳುತ್ತಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲ ಸದ್ದು ಕೇಳಿ ತಲೆಯೆತ್ತಿದ.

“ಇಷ್ಟು ಬೇಗ?”

ಅವಳು ಎದುರಿಗೆ ಕೂತು ಎಲ್ಲವನ್ನೂ ಹೇಳಿದಳು. ಒಂದು ಓಮು, ನಾಲ್ಕು ಓಮು, ಸುರುಳಿ ಮಾವ, ಗೂಡಿನ ಮುಂದೆ ಹೇಳಿದ ಮಾತು, ಯಜಮಾನರು. ಅವನ ಮುಖ ಬಿಗಿಯುತ್ತಾ ಬಂತು.

“ಯಾರು ಕೇಳಿದ್ರು ನಿನ್ನ?” ಅಂದ. “ಕಣ್ಣಂತೂ ಹೋಯ್ತು. ನಿನ್ನ ಕೆಲಸನಾದ್ರೂ ಉಳೀಲಿ ಅಂತ ಒಂದು ಮಾತು ಹೇಳಿದ್ದೆ. ಅದನ್ನೂ ಹಾಳು ಮಾಡಿ ಬಂದ್ಯಾ?”

“ಒಂದು ವರ್ಷ ನಾನು ನಿಮ್ಮನ್ನ ಏನೇನಂದೆ. ಒಂದು ಸಲಾನಾದ್ರೂ ಬಾಯಿ ಬಿಡ್ಬಾರ್ದಿತ್ತಾ?”

“ನೀನು ಬೈತಿದ್ರೆ ಧೈರ್ಯವಾಗಿದ್ದೀಯ ಅಂತ ಗೊತ್ತಾಗ್ತಿತ್ತು. ಅಳ್ತಾ ಕೂತಿದ್ರೆ ಚಿಪ್ ಯಾರು ಆರಿಸ್ತಿದ್ರು?”

ಅವಳು ಅತ್ತಳು. ಅವನು ಬಟಾಣಿಯ ಪಾತ್ರೆ ಪಕ್ಕಕ್ಕೆ ಸರಿಸಿ, ತಡವಿ ಅವಳ ತಲೆಯ ಮೇಲೆ ಕೈಯಿಟ್ಟ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅವಳಿಗೆ ಅರ್ಧ ಓದಿದ ಹಾಳೆಯನ್ನು ಮಡಚಿಡುವ ಅಭ್ಯಾಸವಿಲ್ಲ. ನಾಲ್ಕು ಓಮಿನ ಪರೀಕ್ಷೆ ಮಾಡಿದಾಗಿನಿಂದ ಒಂದು ಪ್ರಶ್ನೆ ಅವಳನ್ನು ಕೊರೆಯುತ್ತಿತ್ತು.

“ಒಂದು ಕೇಳ್ತೀನಿ. ಅವತ್ತು ಸ್ಕೋಪು ನಿಮ್ಮ ಪಕ್ಕದ ಮೇಜಿನ ಮೇಲೇ ಇತ್ತು. ಆ ಮುಳ್ಳು ಐನೂರಕ್ಕೇ ಅಷ್ಟು ಎತ್ತರ ಏಳುತ್ತೆ, ನಾನೇ ನೋಡ್ದೆ. ನಿಮ್ಮಂಥವರಿಗೆ ಅದು ಕಾಣ್ದೆ ಇರೋಕೆ ಸಾಧ್ಯವಿಲ್ಲ. ನಿಮಗೆ ಯಾವಾಗ ಕಾಣಿಸ್ತು?”

ಅವನು ಕೈ ತೆಗೆದ. ಪಾತ್ರೆಯನ್ನು ಮತ್ತೆ ಮುಂದಕ್ಕೆಳೆದುಕೊಂಡ.

“ಬಿಡೇ ಅದೆಲ್ಲ.”

“ಯಾವಾಗ ಕಾಣಿಸ್ತು?”

“ಐನೂರಕ್ಕೇ ಕಾಣಿಸ್ತು.”

“ಮತ್ತೆ ಇನ್ನೂ ಇನ್ನೂರೈವತ್ತು ಯಾಕೆ ಏರಿಸಿದ್ರಿ? ಯಾಕೆ ನಿಲ್ಲಿಸ್ಲಿಲ್ಲ?”

ಕೈಯಲ್ಲಿದ್ದ ಬಟಾಣಿಯನ್ನು ಅವನು ಸುಲಿಯದೆ ಹಾಗೇ ಹಿಡಿದುಕೊಂಡಿದ್ದ.

“ನೀನು ಆರಿಸಿದ್ದಲ್ವೇನೇ. ಅಷ್ಟು ಓದಿ ಓದಿ ಆರಿಸಿದ್ದು. ನನ್ನ ಕಣ್ಣೇ ಏನೋ ತಪ್ಪು ನೋಡ್ತಿದೆ ಅಂದ್ಕೊಂಡೆ.”

ಒಳಗಿನಿಂದ ಅತ್ತೆ ನೀರು ಕೇಳಿದರು. ಅವಳಿಗೆ ಏಳಲಾಗಲಿಲ್ಲ. ಅವನೇ ಗೋಡೆ ಹಿಡಿದು ಎದ್ದು, ಲೋಟ ತಡಕಿ, ಬೆರಳೊಂದನ್ನು ಲೋಟದೊಳಗೆ ಇಳಿಬಿಟ್ಟು ಅಳತೆ ನೋಡಿಕೊಳ್ಳುತ್ತಾ ನೀರು ತುಂಬಿಸಿ ಒಳಗೆ ಒಯ್ದ.